ಸಡಿಲ ಬಟ್ಟೆ

ಡಿಸೆಂಬರ್ ಒಂದನೇ ತಾರೀಕು, ದಾಸರಹಳ್ಳಿಯ ನಮ್ಮ ವಠಾರದಲ್ಲಿ
ಟ್ಯಾಂಕರಿಗೆ ಕೊಡ ಸಾಲಿಟ್ಟು ಕಾಯುವಾಗ
ಫಿಲೋಮಿನಮ್ಮನ ಕಡ್ಡಿ ಟಿಕ್ ಟಿಕ್ ಎನ್ನುತ್ತಿತ್ತು.
‘ಇದೇನು ಮಹಾ’ ಅಂದುಬಿಟ್ಟೆ.
ಅಷ್ಟಕ್ಕೇ ಬಾಯಿ ಸುಮ್ಮನಿರಲಿಲ್ಲ.
‘ತಿಂಗಳೊಳಗೆ ಒಂದು ಸ್ವೆಟರ್ ಹೆಣೆದು ತೋರಿಸ್ತೀನಿ,
ಇಲ್ಲಾಂದ್ರೆ ಈ ಮೀಸೆ ನಿಮ್ಮದು.’
ಆಕೆ ಕಣ್ಣೆತ್ತದೆ ಸಾಲು ಮುಗಿಸಿ ಅಂದಳು:
‘ಮೀಸೆ ಕಟ್ಟಿಕೊಂಡು ನಾನೇನ್ ಮಾಡ್ಲಪ್ಪ.
ಮೊದ್ಲು ಮಾಮೂಲ್‌ಪೇಟೆಗೆ ಹೋಗಿ ಉಲ್ಲನ್ ತಗೊಂಡು ಬಾ.’

ತಂದೆ, ಬೀಡಿನ ಬೂದು ಬಣ್ಣ, ಹತ್ತು ಉಂಡೆ.
ಕಡ್ಡಿ ನಾಲ್ಕು ಮಿಲಿಮೀಟರು ಅಂದಿದ್ದ ಅಂಗಡಿಯವ.
ವರ್ನಿಯರ್ ಹಿಡಿದು ನೋಡಿದೆ:
ಒಂದು ನಾಲ್ಕು, ಇನ್ನೊಂದು ಮೂರು ಪಾಯಿಂಟ್ ಒಂಬತ್ತಾರು.
ಪೀಣ್ಯದಲ್ಲಿ ಇಪ್ಪತ್ತೆಂಟು ವರ್ಷ ಲೇತಿನ ಮುಂದೆ ನಿಂತವನಿಗೆ
ಇದು ಸಹಿಸುವ ಮಾತಲ್ಲ. ಫೋನು ಮಾಡಿದೆ.
ಅವನು ನಕ್ಕು ಇಟ್ಟ.

ಒಂದು ಸೀದಾ, ಒಂದು ಉಲ್ಟಾ.
ನನ್ನ ತೋರುಬೆರಳಿನ ತುದಿ
ತೊಂಬತ್ತೆಂಟರಲ್ಲೇ ತಿರುಗುವ ಜಾಬಿನ ಜೊತೆ ಹೋಯಿತು.
ದಾರ ನಿಲ್ಲಬೇಕಾದ್ದು ಅಲ್ಲೇ,
ಇಲ್ಲದ ತುದಿಯ ಮೇಲೆ. ನಿಲ್ಲಲಿಲ್ಲ.
ಫಿಲೋಮಿನಮ್ಮ ಏನೂ ಕೇಳದೆ
ಎಳೆಯನ್ನು ನಡುಬೆರಳಿಗೆ ಸುತ್ತಿಕೊಟ್ಟಳು.
ಗಾರ್ಮೆಂಟ್ಸಿನಲ್ಲಿ ಗಂಟೆಗೆ ನೂರಿಪ್ಪತ್ತು ಕಾಲರು ಕೂರಿಸುವ
ನನ್ನ ಹೆಂಡತಿ ಗಿರಿಜಾಂಬ
ಒಂದಿಡೀ ಸಂಜೆಯ ನಾಲ್ಕು ಸಾಲು ನೋಡಿ
‘ನಿಮ್ಮನ್ನ ಒಂದಿನ ನಮ್ಮ ಸೂಪರ್‌ವೈಸರ್ ಕೈಗೆ ಕೊಡ್ಬೇಕು’
ಅಂತ ಪಾತ್ರೆ ತೊಳೆಯಲು ಎದ್ದಳು.

ಹದಿನಾರನೇ ದಿನ ಬೆನ್ನಿನ ನಡುವೆ
ಜಾರಿದ ಕುಣಿಕೆಯೊಂದು ಕಂಡಿತು, ಇಪ್ಪತ್ತೆರಡು ಸಾಲು ಕೆಳಗೆ.
ರಿಜೆಕ್ಟ್, ಅಂದೆ.
ನಮ್ಮಲ್ಲಿ ಹಾಗೆಯೇ: ಕೂದಲೆಳೆ ಹೆಚ್ಚು ಕೊರೆದರೆ ಮುಗಿಯಿತು,
ಕೊರೆದ ಉಕ್ಕು ಸುರುಳಿಯಾಗಿ ಕಾಲಬುಡದಲ್ಲಿ,
ಆಮೇಲೆ ಗುಜರಿಯ ತಕ್ಕಡಿಯಲ್ಲಿ.
ಆಕೆ ಕಡ್ಡಿ ಕಿತ್ತು ದಾರದ ತುದಿ ಕೈಗಿತ್ತಳು.
‘ಎಳಿ.’
ಎಳೆದೆ. ಸರಸರನೆ ಐದು ಸಂಜೆ ಬಿಚ್ಚಿಕೊಂಡವು.
ನೂಲು ಒಂದಿಂಚೂ ಕಡಿಮೆಯಾಗಿರಲಿಲ್ಲ,
ಬರೀ ಗುಂಗುರು ಗುಂಗುರು,
ನಿದ್ದೆಯಿಂದ ಎದ್ದ ಮಗುವಿನ ತಲೆಯ ಹಾಗೆ.
ಆ ರಾತ್ರಿ ಕಣ್ಣು ಹತ್ತಲಿಲ್ಲ.
ಇಷ್ಟು ವರ್ಷದ ಗುಜರಿಯೆಲ್ಲ ಒಂದೊಂದೇ ನೆನಪಿಗೆ ಬಂತು,
ಯಾವ ಜಾಬು, ಯಾವ ಶಿಫ್ಟು, ಯಾರ ಬೈಗುಳ.

ಮೆಟ್ರೋದಲ್ಲೂ ಹೆಣೆದೆ. ಮೂರೇ ಸ್ಟೇಷನ್ನು, ಅರ್ಧ ಸಾಲು.
ಚೀಲ ತಡಕುವ ಸೆಕ್ಯುರಿಟಿ ಹುಡುಗಿ
ಕಡ್ಡಿ ಎತ್ತಿ ಹಿಡಿದು ‘ಇದೇನ್ ಸಾರ್’ ಅಂದಳು.
‘ತೋಳು’ ಅಂದೆ.
‘ಯಾರದ್ದು?’
ನನ್ನದೇ, ಅನ್ನುವುದಕ್ಕೆ ಯಾಕೋ ನಾಚಿಕೆಯಾಯಿತು.

ಮೂವತ್ತನೇ ರಾತ್ರಿ ಕತ್ತಿನ ಪಟ್ಟಿ ಬಾಕಿ.
ತಿಂಗಳೆಂದರೆ ಮೂವತ್ತು, ಅಂದಳಾಕೆ.
ಗೋಡೆಯ ಕ್ಯಾಲೆಂಡರೇ ಕಿತ್ತು ತಂದು ತೋರಿಸಿದೆ: ಮೂವತ್ತೊಂದು.
ವಠಾರವೆಲ್ಲ ಸೇರಿ ನ್ಯಾಯ ಮಾಡಿ ಒಂದು ದಿನ ಕೊಟ್ಟಿತು.
ಮರುರಾತ್ರಿ ಹನ್ನೆರಡಕ್ಕೆ ಮೇನ್ ರೋಡಿನಲ್ಲಿ ಪಟಾಕಿ ಸಿಡಿದಾಗ
ನಾಲ್ಕು ಕುಣಿಕೆ ಇನ್ನೂ ಕಡ್ಡಿಯ ಮೇಲಿದ್ದವು.
ನಾಲ್ಕು.
ಬೆಳಿಗ್ಗೆ ಮುಗಿಸಿ, ಮೀಸೆ ತೆಗೆದೆ.
ಫಿಲೋಮಿನಮ್ಮ ಕೇಕಿನ ತಟ್ಟೆ ಹಿಡಿದು ಬಂದವಳು
ಮುಖ ನೋಡಿ ಬಾಗಿಲಲ್ಲೇ ಕೂತು ನಕ್ಕಳು.

ಎರಡನೇ ತಾರೀಕು, ಮೊದಲ ಶಿಫ್ಟು, ಒಳ್ಳೇ ಚಳಿ.
ಎಲ್ಲರೂ ನನ್ನ ತುಟಿಯ ಮೇಲಿನ ಬಯಲನ್ನೇ ನೋಡಿದರು.
ಸ್ವೆಟರ್ ನೋಡಿದವನು ಅಪ್ರೆಂಟಿಸ್ ಇಮ್ತಿಯಾಜ್ ಒಬ್ಬನೇ.
ನೋಡಿ, ಗೋಡೆಯ ಬೋರ್ಡಿಗೆ ಬೆರಳು ಮಾಡಿದ:
ಲೇತಿನ ಬಳಿ ಸಡಿಲ ಬಟ್ಟೆ ನಿಷೇಧ.
ಆ ಬೋರ್ಡು ಬರೆಸಿದವನೇ ನಾನು.

ಬಿಚ್ಚಿ ಮೊಳೆಗೆ ತೂಗುಹಾಕಿದೆ, ಡ್ರಾಯಿಂಗಿನ ಪಕ್ಕ.
ಎಡತೋಳು ಹನ್ನೊಂದು ಮಿಲಿಮೀಟರು ಉದ್ದ.
ಮೆಷಿನ್ ಶುರುವಾದಾಗ ಗೋಡೆ ನಡುಗಿ
ಅದು ಸ್ವಲ್ಪ ಆಡಿತು.