ಹನ್ನೊಂದು ಕಡ್ಡಿ

ನನ್ನ ಕೆಲಸ ದೊಡ್ಡದೇನಲ್ಲ.
ಐಸ್‌ಕ್ಯಾಂಡಿಯ ಚಪ್ಪಟೆ ಕಡ್ಡಿಗಳನ್ನು ಒಂದರ ಮೇಲೊಂದಿಟ್ಟು
ಮಕ್ಕಳ ಹಲ್ಲುಗಳ ನಡುವೆ ತೂರಿಸುವುದು.
ಸೊಕೊಟೊದ ಈ ವಾರ್ಡಿನಲ್ಲಿ ನನ್ನನ್ನು ಕಂಡರೆ
ಮೊದಲು ಅಳುತ್ತಾರೆ,
ಆಮೇಲೆ ಎಣಿಸಲು ಕಲಿಯುತ್ತಾರೆ.

ಲಾರೈ ಬಂದಾಗ ಒಂದು ಕಡ್ಡಿಗೂ ಜಾಗವಿರಲಿಲ್ಲ.
ಐದು ವರ್ಷ. ಬುಧವಾರ ಹುಟ್ಟಿದವಳು, ಹೆಸರೇ ಹೇಳುತ್ತದೆ.
ಎಡಗೆನ್ನೆ ಇರಬೇಕಾದಲ್ಲಿ ಹಲ್ಲು,
ನಗು ಬಾರದಾಗಲೂ ನಗುತ್ತಿರುವ ಹಾಗೆ.

‘ದಡಾರ ಬಂದು ಹೋಗಿತ್ತು’ ಅಂದಳು ತಾಯಿ ಅಸಾಬೆ.
‘ಶುಕ್ರವಾರ ವಸಡು ಕೆಂಪಗಿತ್ತು, ಉಪ್ಪುನೀರು ಹಾಕಿದೆ.
ಭಾನುವಾರ ಕೆನ್ನೆ ಊದಿತು, ವಾಸನೆ.
ಮರು ಶುಕ್ರವಾರ, ಕಪ್ಪಾದದ್ದು
ಕೈಗೇ ಬಂತು.’
ತನ್ನ ಅಂಗೈ ನೋಡಿಕೊಂಡಳು.

ಒಂದೂವರೆ ವರ್ಷ ಕಣಜದ ಹಿಂದೆಯೇ ಬೆಳೆದಳಂತೆ.
ಕುಡಿದ ಸಜ್ಜೆಯ ಗಂಜಿ ಅರ್ಧ ಕೆನ್ನೆಯಿಂದ ಸೋರಿದರೆ
ಮೇಕೆಮರಿ ಬಂದು ಕುತ್ತಿಗೆ ನೆಕ್ಕುತ್ತಿತ್ತಂತೆ.
ಮುಖ ತಿರುಗಿಸದೆ ನೋಡಿದ್ದು ಅದೊಂದೇ.

ಮೊದಲು ಮೈ ತುಂಬಲಿ ಅಂದರು ಡಾಕ್ಟರು.
ನಾಲ್ಕು ತಿಂಗಳು ಹಾಲು, ಮೊಟ್ಟೆ, ಅರೆದ ಕಡಲೆಕಾಯಿ.
ಪ್ರತಿ ಸೋಮವಾರ ತಕ್ಕಡಿಯ ಮುಳ್ಳು.

ಆಮೇಲೆ ಬೀಗ ಬಿದ್ದ ದವಡೆ ಬಿಡಿಸಿ,
ಹಣೆಯ ಚರ್ಮ ಎತ್ತಿ, ಒಂದು ಅಂಚು ಕಡಿಯದೆ,
ರಕ್ತದ ದಾರಿ ಮುಚ್ಚದೆ, ಮಡಿಚಿ
ಕೆನ್ನೆಯ ತೂತಿಗೆ ಹೊಲಿದರು.
ಊರಲ್ಲಿ ಹಣೆಬರಹ ಅಂದಿದ್ದರಂತೆ.
ಇದ್ದೀತು. ಈಗ ಅದು ಕೆನ್ನೆಯ ಮೇಲಿದೆ,
ತಲೆಕೆಳಗಾಗಿ.

ಮೂರು ವಾರಕ್ಕೆ ಬ್ಯಾಂಡೇಜು ಬಿಚ್ಚಿದಾಗ
ಮುಟ್ಟಿ ನೋಡಿಕೊಂಡಳು.
‘ಇದು ಹಣೆ. ನನ್ನ ಕೆನ್ನೆ ಎಲ್ಲಿ?’
ಏನು ಹೇಳಲಿ.
‘ಬಾಯಿ ತೆಗಿ’ ಅಂದೆ.

ಎರಡು ಕಡ್ಡಿ. ಐದು.
ಐದರಲ್ಲೇ ಒಂಬತ್ತು ದಿನ ನಿಂತಿತು.
ಒಮ್ಮೆ ನನ್ನ ಬೆರಳು ಕಚ್ಚಿದಳು, ಗಟ್ಟಿಯಾಗಿ.
ನೋವಿಗಿಂತ ಮೊದಲು ಖುಷಿಯಾಯಿತು:
ಕಚ್ಚಬೇಕಾದರೆ ತೆರೆಯಬೇಕಲ್ಲ.
ಏಳು. ಹತ್ತು. ಹನ್ನೊಂದು.

ಹೊರಡುವ ದಿನ ಕಡ್ಡಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟೆ.
‘ದಿನಾ ಮೂರು ಸಲ. ಬಿಟ್ಟರೆ ದವಡೆ ಮತ್ತೆ ಕೂರುತ್ತದೆ.’
ಅಸಾಬೆ ತಲೆಯಾಡಿಸಿದಳು.
ಲಾರೈ ಗಂಟು ತೂಗಿ ನೋಡಿ ಕೇಳಿದಳು,
‘ಮೇಕೆಯ ಬಾಯಿಗೆ ಎಷ್ಟು ಹಿಡಿಸುತ್ತೆ?’

ಅಸಾಬೆ ನನ್ನತ್ತ ನೋಡಲಿಲ್ಲ.
ಬರುವಾಗಿನ ಬಸ್ ಚಾರ್ಜಿಗೆ ಏನು ಮಾರಿದ್ದಳೆಂದು
ನಾನೂ ಕೇಳಲಿಲ್ಲ.
‘ಹನ್ನೆರಡು ಹಿಡಿಸಬಹುದು’ ಅಂದೆ.