ರೇಶು ನಿಂತ ಗೋಡೆ

ಮುಂಬೈ ಗಾಡಿ ವಾಡಿಯಲ್ಲಿ ನಿಂತಷ್ಟು ಹೊತ್ತು
ಅಪ್ಪ ಗಾಲಿಗಾಲಿಗೂ ಸುತ್ತಿಗೆ ಬಡಿದು
ತಲೆ ಓರೆ ಮಾಡಿ ಕೇಳುತ್ತಿದ್ದ.
ಗಟ್ಟಿ ಗಾಲಿ ಟಣ್ ಅನ್ನುತ್ತದೆ,
ಬಿರುಕು ಬಿಟ್ಟದ್ದು ಡಬ್.
ಇಷ್ಟೇ ಅವನ ಓದು.

ಆಟದ ಡಬ್ಬಿ ಸಿಕ್ಕಿದ್ದು ಅವನಿಗಲ್ಲ,
ಬೋಗಿ ಗುಡಿಸುವ ಪೋಮಿಬಾಯಿಗೆ,
ಕೆಳಗಿನ ಬರ್ತಿನಡಿ, ಶೇಂಗಾ ಸಿಪ್ಪೆಯ ನಡುವೆ.
ಸಾಬೂನಿನ ಪೆಟ್ಟಿಗೆ ಇರಬೇಕೆಂದು
ಆಕೆ ಮೂಸಿ ನೋಡಿದ್ದಳಂತೆ.
ಸ್ಟೇಷನ್ ಮಾಸ್ತರರ ವಹಿಯಲ್ಲಿ
"ರೇಡಿಯೋ, ಒಂದು" ಎಂದು ದಾಖಲಾಗಿ
ಎಂಟು ತಿಂಗಳು ಕಪಾಟಿನಲ್ಲಿ ಕೂತಿತು
ಒಂದು ಛತ್ರಿ, ಯಾರದೋ ಕಟ್ಟಿದ ಹಲ್ಲಿನ ಜೊತೆ.
"ಒಯ್ಯೋ ದೇವಲು, ನಿನ್ನ ಹುಡುಗ್ರು ಆಡ್ಲಿ."

ನಾಲ್ಕು ಸೆಲ್ ಬೇಕು.
ಒಂದು ನಮ್ಮ ಗೋಡೆ ಗಡಿಯಾರದ್ದು,
ಮೂರು ಗೌಸಿಯಾಳ ಮನೆಯ ಟ್ರಾನ್ಸಿಸ್ಟರಿನವು.
ಅವತ್ತಿನಿಂದ ನಮಗೆ ಟೈಮು ಹೇಳಿದ್ದು
ಸಿಮೆಂಟ್ ಫ್ಯಾಕ್ಟರಿಯ ಸೈರನ್ನೇ.

ಗುಂಡಿ ಸರಿಸಿದರೆ
ಹಾಗಲಕಾಯಿ ಬೇಯಿಸಿದ ನೀರಿನಂಥ ತೆರೆ,
ಅದರಲ್ಲಿ ಮೂರು ಖಾನೆ.
ಎರಡು ಖಾಲಿ.
ಮೊದಲನೆಯದರಲ್ಲಿ ಒಂದು ಹೆಸರು: ರೇಶು.

ಹುಡುಗ, ಅಂದ ತಮ್ಮ ಥಾವರು.
ಹುಡುಗಿ, ಅಂದೆ ನಾನು.
ಅದನ್ನು ಮುಟ್ಟಬೇಡಿರೆಂದು ಅವ್ವನ ಕಾಯದೆ:
"ಮಂದಿ ಬುತ್ತಿ ಬಿಚ್ಚಿದಂಗ ಆಗ್ತದ."

ಆಟದೊಳಗೆ ಒಬ್ಬ ಪೋರ, ಕೈಯಲ್ಲಿ ಕೋಲು,
ಸುತ್ತ ಸಮುದ್ರ.
ನಮಗೆ ಗೊತ್ತಿದ್ದ ದೊಡ್ಡ ನೀರೆಂದರೆ
ಶಹಾಬಾದಿನ ಕಲ್ಲುಖಣಿಯಲ್ಲಿ ನಿಂತದ್ದು.
'ಕೀ' ಅಂದರೆ ಕೀಲಿಯ ಅರ್ಧ
ಎಂದು ನಾವೇ ಇಂಗ್ಲಿಷ್ ಕಲಿತೆವು.
ಗುಹೆಗಳಿಗೆ ಇಳಿದೆವು, ಬಂಡೆ ನೂಕಿದೆವು,
ಬಾವಲಿ ಕಚ್ಚಿ ಸತ್ತೆವು,
ಚಹಾ ಕುಡಿದು ಬಂದು ಮತ್ತೆ ಹುಟ್ಟಿದೆವು.

ಆರನೇ ಗುಹೆಯಲ್ಲಿ ದಾರಿ ಮುಗಿಯಿತು.
ದೀಪಾವಳಿಯಿಂದ ಹೋಳಿಯವರೆಗೆ
ಅದೇ ಕೋಣೆ, ಅದೇ ನಾಲ್ಕು ಗೋಡೆ.
ಕಾಯದೆ ಮುರಿದದ್ದು ಆಗ.
ರೇಶು ಹೇಗೆ ದಾಟಿರಬಹುದೆಂದು
ಮೊದಲ ಖಾನೆ ತೆರೆದೆವು.
ಆರನೇ ಗುಹೆ. ಅದೇ ಕೋಣೆ.
ರೇಶು ಕೂಡ ಅಲ್ಲೇ ನಿಂತುಬಿಟ್ಟ ಮನುಷ್ಯ.

ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ
ತೋಳನ್ನು ಕಣ್ಣಿಗೆ ಅಡ್ಡ ಇಟ್ಟು ಮಲಗಿದ್ದ.
ಥಾವರು ಸಿಟ್ಟಿಗೆ ಕೋಲೆತ್ತಿ
ಗೋಡೆಯುದ್ದಕ್ಕೂ ಬಡಿಯುತ್ತಾ ಹೋದ.
ಟಿಣ್. ಟಿಣ್. ಟಿಣ್.
ಟುಕ್. ಟಿಣ್.

"ತಡಿ," ಎಂದ ಅಪ್ಪ, ಕಣ್ಣು ಬಿಡದೆ.
"ಹಿಂದಕ ಸರಿ. ಇನ್ನೊಮ್ಮಿ ಬಡಿ."
ಟುಕ್.
"ಅದು ಟೊಳ್ಳು ಅದ."

ಖಣಿಯವರಂತೆ ಮದ್ದಿಟ್ಟೆವು.
ಗೋಡೆ ಬಾಯಿ ತೆರೆಯಿತು.
ನಾವು ಕಿರುಚಿದ್ದು ಅಪ್ಪನಿಗೆ ಕೇಳಲಿಲ್ಲ,
ಆಗಲೇ ಗೊರಕೆ.

ಮುಂದಿನ ಗುಹೆಗಳೇನೂ ಈಗ ನೆನಪಿಲ್ಲ.
ನೆನಪಿರುವುದು ಮರುದಿನದ ಕೆಲಸ:
ರೇಶುವಿನ ಪೋರನನ್ನು ಎರಡು ಹೆಜ್ಜೆ ನಡೆಸಿ
ಆ ಟೊಳ್ಳಿನ ಎದುರಿಗೆ ನಿಲ್ಲಿಸಿ
ಹಾಗೇ ಕಾದಿಟ್ಟದ್ದು.
ಮದ್ದು ನಾವಿಡಲಿಲ್ಲ.
ಬಂದರೆ ಒಂದು ಏಟು ಸಾಕು, ತಾನೇ ಕೇಳಿಸಿಕೊಳ್ಳಲಿ.

ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ
ಗಡಿಯಾರದ ಖಯ್ಯೂಮ್ ಸಾಹೇಬರು
ಕಣ್ಣಿಗೆ ಬಿಲ್ಲೆ ಸಿಕ್ಕಿಸಿ ಒಳಗೆ ನೋಡಿದರು.
"ಒಂದು ಗುಂಡನ ಸೆಲ್ ಅದ ಬೇಟಿ,
ನೆನಪೆಲ್ಲ ಅದರ ಮ್ಯಾಲೇ ನಿಂತದ.
ತೆಗದ್ರ ಹೋಗ್ತದ.
ತೆಗೀದಿದ್ರೂ ಹೋಗ್ತದ, ಥೋಡೆ ದಿನ ತಡಾ."

ತಡವಾಗಿಯೇ ಹೋಯಿತು. ಜೂನಿನ ಒಂದು ಮಧ್ಯಾಹ್ನ
ಮೂರೂ ಖಾನೆ ಖಾಲಿ.
ಥಾವರು ತನ್ನದಕ್ಕಾಗಿ ಅತ್ತ.
ನಾನು ಸಾಹೇಬರಿಂದ ಹೊಸ ಸೆಲ್ ಹಾಕಿಸಿಕೊಂಡು ಬಂದು
ಮೊದಲ ಖಾನೆಯಲ್ಲಿ ಅಕ್ಷರ ಹುಡುಕಿ ಹುಡುಕಿ
ರೇಶು ಎಂದು ಬರೆದೆ.

"ಮತ್ತ ಮೊದ್ಲಿಂದ?" ಅಂದ ಥಾವರು.

ಹನ್ನೊಂದು ದಿನ ಹಿಡಿಯಿತು.
ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿ
ಗುಂಡಿ ಆರಿಸಿದೆ.