ರಿಬಂದರ್ ಧಕ್ಕೆ, ನಾಲ್ಕು ನಿಮಿಷ

ಮೊದಲು ಒಪ್ಪಂದ ಇಷ್ಟೇ ಇತ್ತು:
ಚೋಡಣದ ಫೆರಿಯಿಂದ ಸಗುಣ್ ಎರಡು ಸಲ ಹಾರ್ನ್ ಒತ್ತಿದರೆ
ದಡದ ಬಸ್ಸು ಕಾಯುವುದು.
ಸಹಿಯಿಲ್ಲ, ಮೊಹರಿಲ್ಲ.
ಜಗಳವಾದ ವಾರ ಕಾಯುತ್ತಲೂ ಇರಲಿಲ್ಲ.

ನಾನು ಅದನ್ನು ಹದಿನೆಂಟು ಪುಟ ಮಾಡಿದೆ.
ಯಾವ ಮಾಹಿತಿ ಯಾರದು, ಎಷ್ಟು ಹೊತ್ತು ಯಾರ ಬಳಿ,
ಮೂವತ್ತು ದಿನಕ್ಕೆ ಅಳಿಸತಕ್ಕದ್ದು.
ಸಗುಣ್ ನಕ್ಕ: ಆಚೆ ದಡಕ್ಕೆ ಹೋಗಿ ಮರಳದವರ ಲೆಕ್ಕ
ನನ್ನಲ್ಲಿ ಮೂವತ್ತು ವರ್ಷದ್ದಿದೆ,
ಯಾವ ಕಲಮಿಗೆ ಹಾಕುತ್ತೀರಿ?
ಕಲಂ ಇರಲಿಲ್ಲ.

ಈಗ ನಸುಕಿನ ಮೂರೂವರೆಗೆ
ಫೆರಿಯ ಯಂತ್ರ, ಬಸ್ಸಿನ ಯಂತ್ರ
ಯಾರನ್ನೂ ಎಬ್ಬಿಸದೆ ಕರಾರು ನವೀಕರಿಸಿಕೊಳ್ಳುತ್ತವೆ,
ನಿದ್ದೆಗಣ್ಣಲ್ಲೇ ಹೊದಿಕೆ ಎಳೆದು ಹಂಚಿಕೊಳ್ಳುವ
ಅಣ್ಣತಮ್ಮಂದಿರ ಹಾಗೆ.

ಮೊನ್ನೆ ಮಾಂಡೋವಿಯ ಮೇಲೆ ಮಂಜು.
ಫೆರಿ ಕಾಣದು, ಹಾರ್ನ್ ಕೆಟ್ಟಿತ್ತು.
ಹೊಸ ಡ್ರೈವರನ ಎದುರಿನ ಪರದೆ ಅಂದಿತು:
ನಿಲ್ಲು. ಮೂರು ಜನ.
ಯಾರೆಂದು ಅವನಿಗೆ ಗೊತ್ತಿಲ್ಲ. ನಿಂತ.
ಒಳಗಿದ್ದವರು ಬೈದರು, ಬೈಸಿಕೊಂಡ.

ನಾಲ್ಕನೆಯ ನಿಮಿಷಕ್ಕೆ ಏದುತ್ತ ಹತ್ತಿದಳು ಲಿಬರಾತ,
ತಲೆಯ ಮೇಲೆ ಏಡಿಬುಟ್ಟಿ, ಕೈಯಲ್ಲೊಂದೇ ಚಪ್ಪಲಿ,
‘ದೇವ್ ಬರೆಂ ಕರುಂ’ ಅಂದಳು ಅವನಿಗೆ.

ಅವನು ಕನ್ನಡಿಯಲ್ಲಿ ನೋಡಿದ,
ಗೇರು ಹಾಕಿದ.
ಹಿಂದಿನ ಸೀಟಿನಲ್ಲಿ ಕೂತು, ಯಾರನ್ನೂ ಕೇಳದೆ,
ಅದರಲ್ಲೊಂದು ಪಾಲು
ನಾನೂ ತೆಗೆದುಕೊಂಡೆ.